ಹಿತ್ತಲಿನ ಜಗಲಿ

ಮಾದಿಹಳ್ಳಿಯಲ್ಲಿ ಬಸ್ಸಿಳಿದು, ಕಾಯಿ ವ್ಯಾಪಾರದ ರೇವಣಸಿದ್ದಪ್ಪನ ಮನೆ ಯಾವುದೆಂದು ಕೇಳಿ ನೋಡಿ. ಮೊದಲಾದರೆ ಸುಮ್ಮನೆ ಕೈ ತೋರಿಸುತ್ತಿದ್ದರು. ಈಗ ನಿಮ್ಮನ್ನೇ ತಿರುಗಿ ಕೇಳುತ್ತಾರೆ: "ಯಾವ್ದು, ಹಿತ್ತಲಾಗೆ ಜಗಲಿ ಐತಲ್ಲ, ಆ ಮನೆಯಾ?"

ಹಿತ್ತಲಲ್ಲಿ ಜಗಲಿ! ಜಗಲಿ ಅನ್ನುವುದು ಮನೆಯ ಮುಂದುಗಡೆ, ಬೀದಿಗೆ ಮುಖ ಮಾಡಿ ಇರಬೇಕಾದದ್ದು ಎಂದು ಚಿಕ್ಕ ಮಕ್ಕಳಿಗೂ ಗೊತ್ತು. ಅದನ್ನು ಹಿಂದಕ್ಕೆ ಒಯ್ದು, ಕರಿಬೇವಿನ ಗಿಡಕ್ಕೂ ಬಟ್ಟೆ ಒಗೆಯುವ ಕಲ್ಲಿಗೂ ನಡುವೆ ನಿಲ್ಲಿಸಿದವಳು ಆ ಮನೆಯ ಸೊಸೆ ಪುಷ್ಪಲತಾ. ಕೂಲಿಯವರಿಂದ ಕಟ್ಟಿಸಿದ್ದಲ್ಲ ಸ್ವಾಮಿ, ತಾನೇ ಕಟ್ಟಿದ್ದು. ನೈಟಿಯ ಮೇಲೆ ಗಂಡನ ಹಳೇ ಶರ್ಟು ಏರಿಸಿ, ಒಂದು ಕೈಯಲ್ಲಿ ಉಳಿ, ಒಂದು ಕೈಯಲ್ಲಿ ಸುತ್ತಿಗೆ ಹಿಡಿದು ಕಟ್ಟಿದ್ದು. ನಂಬದವರು ಹೋಗಿ ಅವಳ ಅಂಗೈ ಮುಟ್ಟಿ ನೋಡಬಹುದು.

ಪುಷ್ಪಲತಾ ಅರಸೀಕೆರೆಯವಳು. ತಂದೆಗೆ ಅಲ್ಲಿ ಕೊಬ್ಬರಿ ಮಂಡಿ, ಮಂಡಿಯ ಮೇಲೆಯೇ ಮನೆ. ಪಕ್ಕದಲ್ಲಿ ಮರ ಕುಯ್ಯುವ ಮಿಲ್ಲು, ಅದರ ಹಿಂದೆ ಬಡಗಿಗಳ ಚಪ್ಪರ. ಹಂಡೆ ಒಲೆಗೆ ಮರದ ಹೊಟ್ಟು ತರಲು ಹೋಗುತ್ತಿದ್ದ ಹುಡುಗಿ, ಚೀಲ ತುಂಬಿದ ಮೇಲೂ ಹೊರಡುತ್ತಿರಲಿಲ್ಲ. ಉಜ್ಜುಗೊರಡಿನ ಬಾಯಿಂದ ಸುರುಳಿ ಸುರುಳಿಯಾಗಿ ಏಳುವ ಮರದ ಸಿಪ್ಪೆಯನ್ನು ನೋಡುತ್ತ ನಿಂತುಬಿಡುತ್ತಿದ್ದಳು. "ಏನ್ ಮಗಾ, ದೊಡ್ಡೋಳಾದ್ಮೇಲೆ ಬಡಗಿ ಆಯ್ತೀಯಾ?" ಎಂದು ಅವರು ಗೇಲಿ ಮಾಡಿದರೆ "ಊಂ" ಅನ್ನುತ್ತಿದ್ದಳು. ಆಗಲಿಲ್ಲ ಬಿಡಿ. ಬಿ.ಎ. ಎರಡನೇ ವರ್ಷದಲ್ಲಿ ಮದುವೆಯಾಯಿತು, ಮಾದಿಹಳ್ಳಿಗೆ ಬಂದಳು.

ಬಂದ ಮಾರನೆಯ ಬೆಳಿಗ್ಗೆ ಕಾಫಿ ಲೋಟ ಹಿಡಿದು, ಮುಂದಿನ ಜಗಲಿಗೆ ಹೋಗಿ ಕೂತಳು. ತವರಿನಲ್ಲಿ ಜಗಲಿಯೇ ಇರಲಿಲ್ಲ. ಕೆಂಪು ಗಾರೆ ನುಣ್ಣಗಿತ್ತು, ತಣ್ಣಗಿತ್ತು, ಎದುರಿಗೆ ಬೀದಿ, ಬೀದಿಯಾಚೆ ಗದ್ದೆ, ಹಳೇಬೀಡಿನ ಕಡೆ ಹೋಗುವ ಬಸ್ಸು. ಆಹಾ, ಎಂಥ ಜಾಗ ಎಂದು ಒಂದು ಗುಟುಕು ಕುಡಿದಿದ್ದಾಳೋ ಇಲ್ಲವೋ, ಬಾಗಿಲ ಮರೆಯಿಂದ ಅತ್ತೆ ಕಮಲಾಕ್ಷಮ್ಮನ ದನಿ ಬಂತು.

"ಏಳೇ, ಏಳೇ! ಜಗಲಿ ಮ್ಯಾಲೆ ನಮ್ಮನೆ ಹೆಂಗಸ್ರು ಕೂರಲ್ಲ ಕಣವ್ವ. ಗಂಡಸ್ರು ಬರೋ ಹೋಗೋ ಜಾಗ ಅದು."

ಗದರಿಕೆಯಲ್ಲ, ಮೆತ್ತಗೇ ಹೇಳಿದರು. ಅವರಿಗೂ ಯಾರೋ ಹಾಗೆಯೇ ಹೇಳಿದ್ದಿರಬೇಕು. ಪುಷ್ಪಲತಾ ಎದ್ದಳು. ಎದ್ದವಳು ಮತ್ತೆ ಕೂರಲಿಲ್ಲ. ಆ ಜಗಲಿಯನ್ನು ಗುಡಿಸಿದಳು, ಒರೆಸಿದಳು, ಅದರ ಮುಂದೆ ರಂಗೋಲಿ ಬಿಟ್ಟಳು, ಅಲ್ಲಿ ಕೂತ ವ್ಯಾಪಾರಸ್ಥರಿಗೆ, ಮಠದ ಕಡೆಯವರಿಗೆ, ನೆಂಟರಿಗೆ ಲೆಕ್ಕವಿಲ್ಲದಷ್ಟು ಕಾಫಿ ಕೊಟ್ಟಳು. ಕೂರುವ ಮಾತಿಲ್ಲ. ಅಡುಗೆಮನೆಯ ಹೊಸ್ತಿಲ ಮೇಲೆ ಕೂರಬಾರದು, ಅದು ಶಾಸ್ತ್ರಕ್ಕಾಗದು. ಒಗೆಯುವ ಕಲ್ಲಿನ ಮೇಲೆ ಕೂತರೆ ಸೀರೆ ಒದ್ದೆ. ಪಕ್ಕದ ಮನೆಯ ಸುಮಿತ್ರಮ್ಮ ಬಂದರೆ ಇಬ್ಬರೂ ಹಿತ್ತಲಲ್ಲಿ ನಿಂತೇ ಮಾತಾಡಬೇಕು. ಮಗಳು ಶಿಲ್ಪಾ ಹುಟ್ಟಿ, ಬೆಳೆದು, ಬೇಲೂರಿಗೆ ಸೊಸೆಯಾಗಿ ಹೋದಳು. ಅವಳ ಮದುವೆ ಮಾತುಕತೆಯನ್ನೂ ಪುಷ್ಪಲತಾ ಬಾಗಿಲ ಹಿಂದೆ ನಿಂತೇ ಕೇಳಿಸಿಕೊಂಡಿದ್ದಳು.

ಹಾಗೆಂದು ದಿನಾ ಅಳುತ್ತ ಕೂತವಳಲ್ಲ. ಅಳುವುದಕ್ಕಾದರೂ ಕೂರಲು ಜಾಗ ಬೇಕಲ್ಲ!

ಹೋದ ವರ್ಷ ಮುಂಗಾರಿಗೆ ಮೊದಲು ಒಂದು ಸಂಜೆ ಫಳಾರನೆ ಸಿಡಿಲು ಬಿತ್ತು. ಹಿತ್ತಲಿನ ಎರಡು ಹಳೇ ತೆಂಗಿನ ಮರದ ಸುಳಿ ಸುಟ್ಟುಹೋಯಿತು. ಕಮಲಾಕ್ಷಮ್ಮ ಈ ಮನೆಗೆ ಬಂದ ಹೊಸದರಲ್ಲಿ ನೆಟ್ಟ ಮರಗಳು ಅವು. ಒಂದೊಂದಾಗಿ ಗರಿಗಳೆಲ್ಲ ಉದುರಿ, ಎರಡು ಬೋಳು ಕಂಬ ಉಳಿದವು. ಇಟ್ಟಿಗೆ ಗೂಡಿನವನು ಬಂದು ಸೌದೆಗೆ ಕೇಳಿದ. ರೇವಣಸಿದ್ದಪ್ಪನ ತಮ್ಮ ಚನ್ನೇಶ್, ಅದೇ ಬೀದಿಯಲ್ಲಿ ಬೇರೆ ಮನೆ ಮಾಡಿಕೊಂಡು ಅಣ್ಣನ ವ್ಯಾಪಾರದಲ್ಲಿ ಪಾಲು ಇರುವವನು, ಆಗಲೇ ಲೆಕ್ಕಾಚಾರ ಹಾಕಿಬಿಟ್ಟಿದ್ದ. ಮರ ಹೋದ ಜಾಗದಲ್ಲಿ ಕಾಯಿ ತುಂಬಲು ಒಂದು ತಗಡಿನ ಶೆಡ್ಡು.

ಅದೇ ದಿನಗಳಲ್ಲಿ ಪುಷ್ಪಲತಾ ಮೊಬೈಲಿನಲ್ಲಿ ಒಂದು ವಿಡಿಯೋ ನೋಡಿದ್ದಳು. ಯಾವುದೋ ಚಳಿ ದೇಶದ ಹೆಂಗಸು, ತಲೆಯೆಲ್ಲ ನೆರೆತಿದೆ, ತನ್ನ ಮನೆಯ ತೋಟದಲ್ಲಿ ತಾನೇ ಮರ ಕೊಯ್ದು ಒಂದು ಪುಟ್ಟ ಮಂಟಪ ಕಟ್ಟುತ್ತಾಳೆ. ಕಟ್ಟಿ ಮುಗಿಸಿ, ಒಳಗೆ ಕೂತು ಟೀ ಕುಡಿಯುತ್ತಾಳೆ. ಅಷ್ಟೇ. ಮಾತೂ ಇಲ್ಲ ಕತೆಯೂ ಇಲ್ಲ. ಪುಷ್ಪಲತಾ ಕಾಯಿ ಸುಲಿಯುವುದನ್ನು ಬಿಟ್ಟು ಅದನ್ನು ಮತ್ತೆ ಮತ್ತೆ ನೋಡಿದಳು. ಅವಳು ಕಟ್ಟಿದ್ದಕ್ಕಿಂತ, ಕಟ್ಟಿ ಕೂತದ್ದು ಇವಳ ಎದೆಗೆ ನಾಟಿತು.

ಚನ್ನೇಶ್ ಶೆಡ್ಡಿನ ಅಳತೆ ತೆಗೆಯಲು ಟೇಪು ಹಿಡಿದು ಬಂದ ದಿನ ಹೇಳಿಯೇಬಿಟ್ಟಳು.

"ಆ ಜಾಗ ನಂಗೆ ಬೇಕು ಚನ್ನೇಶಾ. ಮರಾನೂ ಬೇಕು. ನಾನೊಂದು ಜಗಲಿ ಕಟ್ತೀನಿ."

ಚನ್ನೇಶ್ ಟೇಪು ಕೈಬಿಟ್ಟು ನಕ್ಕ. "ಅತ್ಗೆ, ಪಕ್ಕದಾಗೇ ಹಳೇಬೀಡು ಐತೆ ಅಂತ ನಿಮ್ಗೂ ಕಟ್ಟೋ ಹುಚ್ಚು ಹಿಡೀತಾ? ಟಿಕೆಟ್ ಎಷ್ಟು ಮಡಗ್ತೀರಿ?"

"ನಿಂಗೆ ಟಿಕೆಟ್ ಇಲ್ಲ ಬಿಡು. ಒಳಕ್ಕೇ ಬಿಡಲ್ಲ."

ರೇವಣಸಿದ್ದಪ್ಪ ಕೆಟ್ಟ ಮನುಷ್ಯನಲ್ಲ. ಹೆಂಡತಿಯ ಮೇಲೆ ಕೈ ಎತ್ತಿದವನಲ್ಲ, ದನಿ ಎತ್ತಿದವನೂ ಅಲ್ಲ. ಆದರೆ ತಮ್ಮನ ಮಾತಿಗೆ ಇಲ್ಲ ಅನ್ನಲು ಬಾರದ, ಹೆಂಡತಿಯ ಮಾತಿಗೆ ಹೂಂ ಅನ್ನಲೂ ಬಾರದ ಪ್ರಾಣಿ. ತಲೆ ಕೆರೆದುಕೊಂಡು ಒಂದು ನ್ಯಾಯ ತೀರ್ಮಾನ ಮಾಡಿದ. "ನೋಡು ಪುಷ್ಪಾ, ಕಾಯಿ ಬರೋದು ಯುಗಾದಿ ಆದ್ಮೇಲೆ. ಯುಗಾದಿ ದಿನಕ್ಕೆ ನಿನ್ ಜಗಲಿ ಮ್ಯಾಲೆ ಹೆಂಚು ಏರಿರ್ಬೇಕು. ಏರಿದ್ರೆ ಜಾಗ ನಿಂದು. ಇಲ್ದಿದ್ರೆ ಶೆಡ್ಡು. ಆಮ್ಯಾಲೆ ನೀನು ಮುಖ ಊದಿಸ್ಕಬಾರ್ದು."

"ಒಪ್ದೆ," ಎಂದಳು ಪುಷ್ಪಲತಾ. ಜಗಲಿ ನಿಂತರೆ ಬದುಕಿನಲ್ಲಿ ಮೊದಲ ಸಲ ತನ್ನದೆನ್ನುವ ಜಾಗ. ನಿಲ್ಲದಿದ್ದರೆ ಚನ್ನೇಶನ ಶೆಡ್ಡಿನ ಗೋಡೆ, ಸಾಯುವ ತನಕ ಅವನ ನಗು. ಕಮಲಾಕ್ಷಮ್ಮ ಒಳಗಿನಿಂದ ಎಲ್ಲ ಕೇಳಿಸಿಕೊಂಡರು. ಬೇಡವೆನ್ನಲಿಲ್ಲ, ಬೇಕೆನ್ನಲಿಲ್ಲ. "ನನ್ ಮರ ಒಲೆಗೆ ಹೋಗದಿದ್ರೆ ಸಾಕು" ಎಂದು ಹೂಬತ್ತಿ ಹೊಸೆಯುತ್ತ ಕೂತರು.

ಮರ ಕೆಡವಿಕೊಟ್ಟವನು ತೋಟಕ್ಕೆ ಕಾಯಿ ಕೀಳಲು ಬರುವ ದ್ಯಾವಯ್ಯ. ಸೀಳಿಕೊಟ್ಟದ್ದು ಹಳೇಬೀಡಿನ ಮಿಲ್ಲು. ಅಲ್ಲಿಂದಾಚೆಗೆ ಎಲ್ಲ ಪುಷ್ಪಲತಾಳದ್ದೇ. ಬೇರೆ ಮರದ ಹಾಗಲ್ಲ ತೆಂಗು. ಬೇರೆ ಮರಕ್ಕೆ ತಿರುಳು ಗಟ್ಟಿ. ಇದಕ್ಕೆ ಹೊರಗೇ ಕಬ್ಬಿಣ, ಒಳಗೆ ಮೆದು. ಬುಡದಲ್ಲಿ ಉಕ್ಕು, ಮೇಲೆ ಹೋದಂತೆ ಸಡಿಲ. ಗರಗಸದ ಹಲ್ಲನ್ನು ತಿಂದುಹಾಕುತ್ತದೆ. ಸಂಕ್ರಾಂತಿಯ ತನಕ ನೆರಳಲ್ಲಿ ಒಣಗಿಸಿ, ಆಮೇಲೆ ಉಜ್ಜಲು ಕೂತಳು. ಮೊದಲ ವಾರ ಅವಳ ಕೈ ನೋಡುವಂತಿರಲಿಲ್ಲ. ಬೊಬ್ಬೆ ಎದ್ದು, ಒಡೆದು, ರೊಟ್ಟಿ ತಟ್ಟುವಾಗ ಚುರುಗುಟ್ಟಿ ಕಣ್ಣಲ್ಲಿ ನೀರು. "ಬ್ಯಾಡ ಕಣೇ, ಬಿಟ್ಬಿಡೇ" ಎಂದಳು ಸುಮಿತ್ರಮ್ಮ. "ನೀನು ಅಲ್ಲಿ ನಿಂತ್ಕಂಡು ಬ್ಯಾಡ ಅನ್ನೋ ಬದ್ಲು ಈ ಕಡೆ ಹಿಡ್ಕಾ ಬಾ" ಎಂದಳು ಇವಳು. ಸುಮಿತ್ರಮ್ಮ ಬಂದು ಹಿಡಿದುಕೊಂಡಳು. ಆಮೇಲೆ ದಿನಾ ಬಂದಳು.

ಯಾವ ಕೆಲಸವೂ ಮೊದಲ ಸಲಕ್ಕೆ ಸರಿಹೋಗಲಿಲ್ಲ ಅನ್ನುವುದನ್ನೂ ಹೇಳಬೇಕು. ಮೊದಲು ಕೊರೆದ ಜೋಡಣೆಯ ಬಾಯಿ ದೊಡ್ಡದಾಗಿ, ಮರ ಲೊಡಲೊಡ ಅಲ್ಲಾಡಿತು. ಎರಡನೆಯದು ಬಿಗಿಯಾಗಿ ಸೀಳಿಹೋಯಿತು. ಬೇಲಿಯಾಚೆಯಿಂದ ಚನ್ನೇಶ್ ಬಗ್ಗಿ ನೋಡಿ "ಅತ್ಗೆ, ಸೌದೆ ಚೆನ್ನಾಗಿ ಆಯ್ತಾ ಐತೆ" ಎಂದ. ಪುಷ್ಪಲತಾ ಆ ತುಂಡನ್ನು ಅವನ ಕಡೆಗೇ ಬೀಸಿ ಎಸೆದಳು. ತಾಗಲಿಲ್ಲ, ತಾಗಬೇಕಿತ್ತು. ಮೂರನೆಯದು ಹೇಳಿ ಮಾಡಿಸಿದಂತೆ ಕೂತಿತು.

ಅಂತೂ ಆರು ಕಂಬ ಸಿದ್ಧವಾದವು. ಅರ್ಧಕ್ಕೆ ಸೀಳಿದ ಕಾಂಡಗಳು, ಒಂದು ಕಡೆ ಚಪ್ಪಟೆ, ಒಂದು ಕಡೆ ಗುಂಡಗೆ. ಗುಂಡನೆಯ ಬೆನ್ನಿನ ಮೇಲೆ ಅಲ್ಲಲ್ಲಿ ಹಳೇ ಕಚ್ಚುಗಳು: ಹಿಂದಿನವರು ಮರ ಹತ್ತುವಾಗ ಕಾಲಿಡಲೆಂದು ಮಚ್ಚಿನಲ್ಲಿ ಕೊಚ್ಚಿದ ಮೆಟ್ಟಿಲು. ಅವು ಇರಲಿ ಎಂದು ಪುಷ್ಪಲತಾ ಉಜ್ಜದೆ ಬಿಟ್ಟಿದ್ದಳು.

ಕಂಬ ನಿಲ್ಲಿಸುವುದರಲ್ಲಿ ಒಂದು ಕಟ್ಟಳೆ ಇದೆ. ಮರ ಬೆಳೆದ ಹಾಗೆಯೇ ನಿಲ್ಲಬೇಕು, ಬುಡ ಕೆಳಗೆ, ತುದಿ ಮೇಲೆ. ತಲೆಕೆಳಗಾಗಿ ನಿಂತ ಕಂಬದ ಕೆಳಗೆ ಕೂತವರಿಗೆ ಏಳಿಗೆಯಿಲ್ಲ ಅನ್ನುತ್ತಾರೆ ನಮ್ಮ ಕಡೆ. ತೆಂಗಿಗಂತೂ ಅದು ಬರೀ ಶಾಸ್ತ್ರವಲ್ಲ. ಮೆದುವಾದ ಮೇಲ್ತುದಿ ಮಣ್ಣಿಗೆ ಹೋದರೆ ಎರಡು ಮಳೆಗಾಲಕ್ಕೆ ಕೊಳೆತು ಕೂರುತ್ತದೆ. ಕಷ್ಟವೇನೆಂದರೆ, ತೆಂಗು ಮೇಲಿನಿಂದ ಕೆಳಗಿನ ತನಕ ಹೆಚ್ಚು ಕಡಿಮೆ ಒಂದೇ ದಪ್ಪ. ಉಜ್ಜಿದ ಮೇಲೆ ಬುಡ ಯಾವುದು, ತುದಿ ಯಾವುದು ಎಂದು ಗೊತ್ತಾಗುವುದಿಲ್ಲ. ಅದಕ್ಕೇ ಮಿಲ್ಲಿನಿಂದ ತಂದ ದಿನವೇ ಸೀಮೆಸುಣ್ಣದ ಗುರುತು ಹಾಕಿದ್ದಳು. ಅದು ಅಳಿಸುತ್ತ ಬಂದಿತ್ತು. ಎಣ್ಣೆ ಬಳಿಯುವ ಹಿಂದಿನ ದಿನ, ಕೈಗೆ ಸಿಕ್ಕಿದ್ದು ವಿಭೂತಿ ಗಟ್ಟಿ. ಅದನ್ನೇ ನೆನೆಸಿ ಆರೂ ಕಂಬದ ಬುಡಕ್ಕೆ ಮೂರು ಮೂರು ಬೆರಳು ಎಳೆದಳು.

ಕಮಲಾಕ್ಷಮ್ಮ ಜಪ ಮುಗಿಸಿ ಹಿತ್ತಲಿಗೆ ಬಂದವರು ನೋಡಿದರು.

"ಇದೇನೇ, ಕಂಬಕ್ಕೂ ವಿಭೂತಿ ಹಚ್ಚಿದ್ದೀಯ! ಒಳ್ಳೇದಾಯ್ತು. ಈ ತುದಿ ಎಲ್ಲಿಗೆ ಬತ್ತದೆ?"

"ಅದು ಮಣ್ಣೊಳಕ್ಕೆ ಹೋಗುತ್ತೆ ಅತ್ತೆ. ಕರಿ ಎಣ್ಣೆ ಬಳಿದು ಹೂತುಬಿಡೋದು."

ಕಮಲಾಕ್ಷಮ್ಮನ ಮುಖ ಹುಳ್ಳಗಾಯಿತು. ಏನೋ ಹೇಳಲು ಬಾಯಿ ತೆರೆದರು, ಸೊಸೆ ಆಗಲೇ ಒಲೆಯ ಮೇಲಿನ ಹಾಲಿಗೆ ಓಡಿದ್ದಳು. ಅತ್ತೆ ಮಾರನೆಯ ಬೆಳಿಗ್ಗೆ ಬೇಲೂರಿನ ಬಸ್ಸು ಹತ್ತಿದರು. ಮೊಮ್ಮಗಳು ಶಿಲ್ಪಾಳ ಮನೆಯಲ್ಲಿ ಶಿವರಾತ್ರಿ ಕಳೆದು ನಿಧಾನಕ್ಕೆ ಬರುವುದೆಂದು.

ಪುಷ್ಪಲತಾ ವಿಭೂತಿಯ ಗುರುತು ನೋಡಿ ನೋಡಿ ಆ ತುದಿಗೆಲ್ಲ ಗ್ಯಾರೇಜಿನಿಂದ ತಂದ ಕರಿ ಎಣ್ಣೆ ಕುಡಿಸಿದಳು. ಇನ್ನೊಂದು ತುದಿಯಲ್ಲಿ ತೊಲೆ ಕೂರಲು ಬಾಯಿ ಕೊರೆದಳು. ಗುಂಡಿ ತೋಡಿದಳು. ಕಂಬ ಎತ್ತುವುದು ಹೇಗೆ? ಹಾಳುಬಾವಿಯ ರಾಟೆ ಬಿಚ್ಚಿ ತಂದು, ಮೂರು ಬಿದಿರು ಕೂಡಿಸಿ ಕಟ್ಟಿ, ಅದಕ್ಕೆ ತೂಗುಹಾಕಿದಳು. ಹಗ್ಗದ ಒಂದು ತುದಿ ಕಂಬಕ್ಕೆ, ಇನ್ನೊಂದು ಸುಮಿತ್ರಮ್ಮನ ಕೈಗೆ. ಸೊಂಟ ಬಗ್ಗಿಸಿ ನೀರು ಸೇದಿದ ಹೆಂಗಸರಿಗೆ ಹಗ್ಗ ಎಳೆಯುವುದನ್ನು ಯಾರೂ ಕಲಿಸಬೇಕಿಲ್ಲ. ಕಂಬ ಕಿರ್ರ್ ಎಂದು ಎದ್ದಿತು, ತೂಗಿತು, ಗುಂಡಿಗೆ ಧಡ್ ಎಂದು ಇಳಿಯಿತು. ಒಂದಾದ ಮೇಲೊಂದು, ಆರೂ. ಕೊನೆಯದು ನಿಂತಾಗ ಸುಮಿತ್ರಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡು "ನಮ್ಮಪ್ಪನಾಣೆಗೂ ನಿಲ್ಲುತ್ತೆ ಅನ್ಕಂಡಿರ್ನಿಲ್ಲ ಕಣೇ" ಎಂದಳು. ಇಬ್ಬರೂ ಹುಡುಗಿಯರ ಹಾಗೆ ನಕ್ಕರು.

ಆ ನಗು ನಾಲ್ಕು ದಿನವೂ ಬಾಳಲಿಲ್ಲ.

ಯುಗಾದಿಗೆ ಇನ್ನು ಒಂದೇ ವಾರ. ತೊಲೆ ಏರಿಸಬೇಕಿತ್ತು. ಏಣಿಯನ್ನು ಚನ್ನೇಶ್ ತೋಟಕ್ಕೆ ಒಯ್ದಿದ್ದ, ಬೇಕೆಂದೇ ಒಯ್ದಿದ್ದನೋ ಏನೋ. ಏಣಿ ಯಾಕೆ, ಕಚ್ಚು ಇದೆಯಲ್ಲ ಎಂದು ಪುಷ್ಪಲತಾ ನೈಟಿ ಎತ್ತಿ ಕಟ್ಟಿ, ಕಂಬವನ್ನು ತಬ್ಬಿ, ಕಚ್ಚಿಗೆ ಕಾಲಿಟ್ಟಳು. ಜಾರಿತು. ಮತ್ತೆ ಇಟ್ಟಳು. ಮತ್ತೆ ಜಾರಿ, ಮೊಣಕಾಲು ತರಚಿತು. ಇದೇನಪ್ಪಾ ಎಂದು ಬಗ್ಗಿ ನೋಡಿದಳು. ಕಾಲಿಡುವ ಕಚ್ಚಿಗೆ ಕೆಳಗಡೆ ಚಪ್ಪಟೆ ಅಂಚು ಇರಬೇಕು, ಪಾದ ನಿಲ್ಲಲು. ಇಲ್ಲಿ ಚಪ್ಪಟೆ ಅಂಚು ಮೇಲಿದೆ, ಕೆಳಗೆ ಇಳಿಜಾರು. ಪಕ್ಕದ ಕಂಬಕ್ಕೆ ಓಡಿದಳು. ಅದೂ ಹಾಗೆಯೇ. ಅದರ ಪಕ್ಕದ್ದೂ.

ಆರು ಕಂಬವೂ ತಲೆಕೆಳಗಾಗಿ ನಿಂತಿದ್ದವು.

ಹೇಗೆ? ತಾನೇ ಕೈಯಾರೆ ಬುಡಕ್ಕೆ ವಿಭೂತಿ ಎಳೆದಿದ್ದಳಲ್ಲ? ಗುರುತು ನೋಡಿಯೇ ಎಣ್ಣೆ ಬಳಿದಿದ್ದಳಲ್ಲ? ಗುರುತು ಕಣ್ಣೆದುರಿಗೆ ಇದ್ದ ಮೇಲೆ ಕಚ್ಚಿನ ದಿಕ್ಕನ್ನು ಯಾರು ನೋಡುತ್ತಾರೆ! ಅವಳು ಮಣ್ಣಿನಲ್ಲೇ ಕುಸಿದು ಕೂತಳು. ಅಷ್ಟು ಹೊತ್ತಿಗೆ ಬೀದಿ ಬಾಗಿಲಲ್ಲಿ ಚಪ್ಪಲಿ ಬಿಡುವ ಸದ್ದಾಯಿತು. ಬೇಲೂರಿನಿಂದ ಅತ್ತೆ ಬಂದಿದ್ದರು. ಬ್ಯಾಗನ್ನೂ ಇಳಿಸದೆ ನೇರ ಹಿತ್ತಲಿಗೆ ಬಂದು, ಕತ್ತೆತ್ತಿ, ಕಂಬದ ನೆತ್ತಿಯನ್ನು ಒಂದೊಂದಾಗಿ ನೋಡಿದರು.

"ಎಲ್ಲೇ ಪುಷ್ಪಾ, ನಾನು ಹಚ್ಚಿದ ವಿಭೂತಿ ಒಂದ್ರಾಗೂ ಕಾಣಲ್ಲ?"

"ನೀವು ಹಚ್ಚಿದ್ದಾ?"

"ಮತ್ತೆ? ನೀನು ಮಣ್ಣಿಗೆ ಹೋಗೋ ಕಡೆ ಹಚ್ಚಿದ್ದೆ. ವಿಭೂತೀನ ಹಣೆಗೆ ಹಚ್ತಾರಾ, ಹಿಮ್ಮಡಿಗೆ ಹಚ್ತಾರಾ? ಅದರ ಮ್ಯಾಲೆ ಕರಿ ಎಣ್ಣೆ ಬ್ಯಾರೆ! ಜೀವ ತಡೀನಿಲ್ಲ ಕಣೇ. ಒದ್ದೆ ಬಟ್ಟೇಲಿ ಚೆನ್ನಾಗಿ ಒರೆಸಿ, ಆ ಕಡೆ ತಲೆಗೆ ಹಚ್ಚಿಟ್ಟು ಹೋದೆ."

ಪುಷ್ಪಲತಾ ಅತ್ತೆಯ ಮುಖವನ್ನೇ ನೋಡಿದಳು. ಸಿಟ್ಟು ನೆತ್ತಿಗೇರಿತು. ಇಷ್ಟು ವರ್ಷದಲ್ಲಿ ಒಂದು ದಿನವೂ ಎದುರು ಮಾತಾಡದವಳು, ಅಂದು ಗಂಟಲು ಹರಿಯುವ ಹಾಗೆ ಕೂಗಿದಳು. "ಅದು ಗುರುತು ಅತ್ತೆ! ಪೂಜೆಗಲ್ಲ, ಗುರುತಿಗೆ ಹಚ್ಚಿದ್ದು! ನೀವು ತಲೆಗೆ ಹಚ್ಚಿದ್ರಿ, ನಾನು ಆ ತಲೇನೇ ಮಣ್ಣಿಗೆ ಹೂತೆ! ನೋಡಿ, ಆರೂ ಉಲ್ಟಾ ನಿಂತವೆ!" ಕೂಗಿದವಳು ಬಿಕ್ಕಿ ಬಿಕ್ಕಿ ಅತ್ತಳು.

ಸದ್ದು ಕೇಳಿ ಅಣ್ಣ ತಮ್ಮ ಇಬ್ಬರೂ ಮುಂದಿನ ಜಗಲಿಯಿಂದ ಎದ್ದು ಬಂದರು. ವಿಷಯ ತಿಳಿದ ಚನ್ನೇಶನಿಗೆ ನಗು ತಡೆಯಲಾಗಲಿಲ್ಲ. "ಹೋಗ್ಲಿ ಬಿಡಿ ಅತ್ಗೆ. ತಲೆಕೆಳಗಾದ ಕಂಬ ಮನೆ ಹತ್ರ ಇರಬಾರ್ದು, ಕೇಡು. ನಾಳೇನೇ ಕೀಳಿಸ್ತೀನಿ. ಶೆಡ್ಡಿನೋನಿಗೆ ಫೋನ್ ಮಾಡ್ಲಾ ಅಣ್ಣಾ?"

ರೇವಣಸಿದ್ದಪ್ಪ ಹೆಂಡತಿಯ ಕೆಂಪಾದ ಕಣ್ಣು ನೋಡಿ ಮೆತ್ತಗಾದ. "ಇರ್ಲಿ ಬಿಡೇ. ಹಂಗೇ ಹೆಂಚು ಏರ್ಸು. ಯಾರಿಗೆ ಗೊತ್ತಾಯ್ತದೆ?"

"ನಂಗೆ ಗೊತ್ತಾಗುತ್ತೆ," ಎಂದಳು ಪುಷ್ಪಲತಾ. ಮೂಗು ಒರೆಸಿಕೊಂಡು ಎದ್ದು ನಿಂತಳು. "ಎರಡು ಮಳೆ ಬಂದ್ರೆ ಮಣ್ಣೊಳಗಿರೋದು ಕೊಳೀತದೆ. ಕೊಳೆಯೋ ಕಂಬದ ಮ್ಯಾಲೆ ಹೆಂಚು ಹೊದಿಸಿ, ಯಾರ ತಲೆ ಮ್ಯಾಲೆ ಬೀಳಲಿ ಅಂತ?"

ಆಗ ಕಮಲಾಕ್ಷಮ್ಮ ಕೈಯಲ್ಲಿದ್ದ ಬ್ಯಾಗನ್ನು ಒಗೆಯುವ ಕಲ್ಲಿನ ಮೇಲಿಟ್ಟರು. ಸೆರಗನ್ನು ಸೊಂಟಕ್ಕೆ ಸುತ್ತಿ ಸಿಕ್ಕಿಸಿದರು. ವಯಸ್ಸಾಗಿದ್ದರೂ ದನಿ ಕಂಚು.

"ಏನ್ಲಾ ಚನ್ನಾ, ಯುಗಾದಿ ಇವತ್ತಾ?"

"ಇಲ್ಲ ಕಣವ್ವಾ, ಬರೋ ವಾರ."

"ಬರೋ ವಾರ ಆದ್ರೆ ಈಗ್ಲೇ ಯಾಕ್ಲಾ ಕುಣೀತೀಯ? ಮಾತು ಯುಗಾದಿಗೆ ತಾನೇ? ತಪ್ಪು ನಂದು, ನನ್ ಕೈಯಿಂದಾಗಿದ್ದು. ಹೋಗು, ಏಣಿ ತಂದು ಮಡಗು." ಸೊಸೆಯ ಕಡೆ ತಿರುಗಿದರು. "ಅತ್ತಿದ್ದು ಸಾಕು. ಕೀಳಾಣ ಏಳು. ಹಗ್ಗ ಎಲ್ಲೈತೆ?"

ಆಮೇಲಿನ ವಾರ ಆ ಹಿತ್ತಲು ಮದುವೆಮನೆಯಾಯಿತು. ಸುಮಿತ್ರಮ್ಮ ತನ್ನ ಓರಗಿತ್ತಿಯನ್ನು ಕರೆತಂದಳು. ಓರಗಿತ್ತಿ ಹಿಂದಿನ ಬೀದಿಯ ಹೆಂಗಸರನ್ನೆಲ್ಲ ಕರೆತಂದಳು. ಹಾಲು ಡೈರಿಗೆ ಹಾಕಿ ಬಂದವರು ಕ್ಯಾನು ಬೇಲಿ ಪಕ್ಕ ಇಟ್ಟು ಹಗ್ಗಕ್ಕೆ ಕೈ ಹಾಕಿದರು. ಕಮಲಾಕ್ಷಮ್ಮ ಎಳೆಯಲಾರರು, ಆದರೆ ಕೂಗಬಲ್ಲರು, "ಎಳೀರೇ! ಬಿಡಬ್ಯಾಡ್ರೇ! ಏನ್ ಬೆಳಿಗ್ಗೆ ಮುದ್ದೆ ತಿಂದಿಲ್ವಾ?" ಎಂದು ನಡುವೆ ನಿಂತು ಕೂಗಿದರು. ಆರು ಕಂಬವೂ ಮಣ್ಣಿನಿಂದ ಎದ್ದು ಬಂದವು. ಬುಡಕ್ಕೆ ಕೊರೆದಿದ್ದ ಬಾಯನ್ನು ಕತ್ತರಿಸಿ ಎಸೆದು, ಅಲ್ಲಿಗೆ ಎಣ್ಣೆ ಬಳಿದದ್ದಾಯಿತು. ನೆತ್ತಿಗೆ ಹೊಸ ಬಾಯಿ ಕೊರೆದದ್ದಾಯಿತು. ಮೊದಲ ಸಲ ಎರಡು ಕೆಡಿಸಿ ಒಂದು ಮಾಡಿದ್ದ ಪುಷ್ಪಲತಾಳ ಉಳಿ ಈಗ ಒಂದೂ ತಪ್ಪಲಿಲ್ಲ. ಕೈಗೆ ಕೆಲಸ ಬಂದುಬಿಟ್ಟಿತ್ತು. ಅದು ಅವಳಿಗೇ ಗೊತ್ತಾಗಿ, ಉಳಿಯನ್ನು ಹಿಡಿದು ಒಬ್ಬಳೇ ನಕ್ಕಳು.

ಒಂದು ಗುರುತು ಮಾತ್ರ ಉಳಿಯಿತು. ಮೊದಲು ಎಣ್ಣೆ ಕುಡಿದ ತುದಿ ಈಗ ಮೇಲೆ ಬಂದು, ಆರೂ ಕಂಬದ ತಲೆ ಕಪ್ಪಗೆ ನಿಂತವು. ಬಣ್ಣ ಹೊಡೆದು ಮುಚ್ಚೇ ಎಂದಳು ಸುಮಿತ್ರಮ್ಮ. "ಯಾಕೆ ಮುಚ್ಲಿ? ಎರಡೆರಡು ಸಲ ನಿಲ್ಲಿಸ್ದೋಳು ನಾನು. ನೋಡಲಿ ಎಲ್ರೂ," ಎಂದಳು ಪುಷ್ಪಲತಾ.

ತೊಲೆ ಏರಿತು. ಅದರ ಮೇಲೆ ಜಂತೆ, ಪಟ್ಟಿ. ಮಂಡಿಯೆತ್ತರಕ್ಕೆ ಹಲಗೆಯ ನೆಲ, ಕಾಲು ಇಳಿಬಿಟ್ಟು ಕೂರುವ ಹಾಗೆ. ಹಳೇ ಮನೆಗೆ ತಾರಸಿ ಹಾಕಿಸಿದಾಗ ಇಳಿಸಿ ಗೋಡೆಗೆ ಒರಗಿಸಿದ್ದ ಮಂಗಳೂರು ಹೆಂಚು, ಪಾಚಿ ತೊಳೆದು, ಕೈಯಿಂದ ಕೈಗೆ ದಾಟಿ ಮೇಲೆ ಹೋಯಿತು. ಯುಗಾದಿಯ ಬೆಳಿಗ್ಗೆ ಎಣ್ಣೆ ನೀರು ಮುಗಿಸಿ, ಹೊಸ ಸೀರೆಯಲ್ಲೇ ಏಣಿ ಹತ್ತಿ, ನೆತ್ತಿಯ ಕೊನೆಯ ಹೆಂಚನ್ನು ಪುಷ್ಪಲತಾ ಕೂರಿಸಿದಳು. ಅಲ್ಲಿ ಮೇಲಿನಿಂದ ಕಾಣುತ್ತಿತ್ತು: ಬೇಲಿಯಾಚೆ ಚನ್ನೇಶ್ ಬೇವಿನ ಸೊಪ್ಪು ಹಿಡಿದು ಬಾಯಿ ಬಿಟ್ಟುಕೊಂಡು ನಿಂತಿದ್ದಾನೆ.

"ಏನ್ ನೋಡ್ತೀಯೋ ಚನ್ನೇಶಾ? ಶೆಡ್ಡಿನೋನಿಗೆ ಫೋನ್ ಮಾಡು, ಬರಬ್ಯಾಡ ಅಂತ!" ಎಂದು ಮೇಲಿನಿಂದಲೇ ಕೂಗಿದಳು. ಕೆಳಗಿದ್ದ ಹೆಂಗಸರ ನಗುವಿಗೆ ಕರಿಬೇವಿನ ಗಿಡದಲ್ಲಿದ್ದ ಹಕ್ಕಿಗಳೆಲ್ಲ ಹಾರಿಹೋದವು. ಚನ್ನೇಶನೂ ನಕ್ಕುಬಿಟ್ಟ, ಪಾಪ. ಹೊಟ್ಟೆಕಿಚ್ಚು ಇತ್ತೇ ಹೊರತು ವಿಷವಿರಲಿಲ್ಲ. ಬೇವಿನ ಒಂದು ಕೊಂಬೆ ಮುರಿದು, ಬಂದು, ತಾನೇ ಕಂಬಕ್ಕೆ ಸಿಕ್ಕಿಸಿಹೋದ.

ಕಮಲಾಕ್ಷಮ್ಮ ವಿಭೂತಿ ತಟ್ಟೆ ಹಿಡಿದು ಬಂದು ಒಂದು ಕಂಬದ ಮುಂದೆ ನಿಂತರು. ಕೆಳಗೆ ನೋಡಿದರು, ಮೇಲೆ ನೋಡಿದರು. "ಈಗ ಎಲ್ಲಿ ಹಚ್ಲೇ? ಆಮ್ಯಾಲೆ ನನ್ ಮ್ಯಾಲೆ ಕೂಗಾಡಬ್ಯಾಡ."

"ಎಲ್ಲಿ ಬೇಕಾದ್ರೂ ಹಚ್ಚಿ ಅತ್ತೆ. ಇನ್ನು ಅದು ಅಲ್ಲಾಡಲ್ಲ."

ಅತ್ತೆ ಎದೆಯ ಮಟ್ಟಕ್ಕೆ ಮೂರು ಬೆರಳು ಎಳೆದರು.

ಸಂಜೆ ಒಬ್ಬಟ್ಟಿನ ಊಟ ಅರಗಿದ ಮೇಲೆ ಅತ್ತೆ, ಸೊಸೆ, ಸುಮಿತ್ರಮ್ಮ ಮೂವರೂ ಹಿತ್ತಲಿನ ಜಗಲಿಯ ಮೇಲೆ ಕಾಲು ಇಳಿಬಿಟ್ಟು ಕೂತಿದ್ದರು. ಗಾಳಿ ಬೀಸುತ್ತಿತ್ತು. ಪುಷ್ಪಲತಾ ಹಲಗೆಯ ಮೇಲೆ ಅಂಗೈ ಊರಿ, ಕೂತಿರುವುದೆಂದರೆ ಇದೇನಾ ಎಂದು ಸುಮ್ಮನೆ ಕೂತಿದ್ದಳು. ಹೊಟ್ಟೆಯೊಳಗೆಲ್ಲ ತಂಪಾಗಿತ್ತು.

ಅಷ್ಟರಲ್ಲಿ ಮುಂದಿನ ಜಗಲಿಯಲ್ಲಿ ಸದ್ದಾಯಿತು. ಅರಸೀಕೆರೆಯ ಕೊಬ್ಬರಿ ವ್ಯಾಪಾರಿ ಗಂಗಾಧರಯ್ಯ ಹಬ್ಬಕ್ಕೆಂದು ಮಾತಾಡಿಸಲು ಬಂದಿದ್ದರು. ಕುರ್ಚಿ ಎಳೆದ ಸದ್ದು, ನಗು, ಆಮೇಲೆ ರೇವಣಸಿದ್ದಪ್ಪನ ದನಿ. "ಪುಷ್ಪಾ! ಕಾಫಿ ತಗಂಬಾ!"

ಪುಷ್ಪಲತಾಳ ಕಾಲು ತಾನಾಗಿಯೇ ನೆಲಕ್ಕೆ ಊರಿತು. ಮೈ ಅರ್ಧ ಎದ್ದಾಗಿತ್ತು. ಅಷ್ಟರಲ್ಲಿ ಒಂದು ಸುಕ್ಕುಗಟ್ಟಿದ ಕೈ ಅವಳ ತೊಡೆಯ ಮೇಲೆ ಕೂತಿತು. ಗಟ್ಟಿಯಾಗಿ ಒತ್ತಿತು.

"ಕೂತ್ಕ," ಎಂದರು ಕಮಲಾಕ್ಷಮ್ಮ.

ಪುಷ್ಪಲತಾ ಕೂತಳು.

ಇನ್ನೊಂದು ಸಲ ಕೂಗು ಬಂತು. ಇನ್ನೊಂದು ಸಲ. ಕೊನೆಗೆ ರೇವಣಸಿದ್ದಪ್ಪನೇ ಹಿತ್ತಲ ಬಾಗಿಲಿಗೆ ಬಂದು ನಿಂತ. ಮೂವರು ಹೆಂಗಸರನ್ನು ನೋಡಿದ. ಅವ್ವನ ಕೈ ಎಲ್ಲಿದೆ ಎಂದೂ ನೋಡಿದ. ಒಳಗೆ ಹೋದ. ಅಡುಗೆಮನೆಯಲ್ಲಿ ಪಾತ್ರೆಗಳು ದಡಬಡ ಅಂದವು, ಒಂದು ಮುಚ್ಚಳ ಬಿದ್ದು ಗಿರಗಿರ ತಿರುಗಿತು. "ಸಕ್ರೆ ಕೆಂಪು ಡಬ್ಬೀ ಒಳಗೆ ಐತೆ!" ಎಂದು ಪುಷ್ಪಲತಾ ಕೂತಲ್ಲಿಂದಲೇ ಕೂಗಿ ಹೇಳಿದಳು. ಸುಮಿತ್ರಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು.

ಗಂಗಾಧರಯ್ಯನವರನ್ನು ಕಳಿಸಿದ ಮೇಲೆ ರೇವಣಸಿದ್ದಪ್ಪ ಮತ್ತೆ ಬಂದ. ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ನಾಲ್ಕು ಲೋಟ. ಕಾಫಿ ಅರ್ಧ ತಟ್ಟೆಗೇ ಚೆಲ್ಲಿತ್ತು. ಮೂವರ ಮುಂದೆ ಒಂದೊಂದು ಇಟ್ಟ. ನಾಲ್ಕನೆಯದನ್ನು ಹಿಡಿದುಕೊಂಡು, ಕಪ್ಪು ತಲೆಯ ಕಂಬಗಳನ್ನು ನೋಡುತ್ತ, ಕೆಳಗೆ ನಿಂತೇ ಇದ್ದ. ತನ್ನ ಮನೆಯ ಹಿತ್ತಲಲ್ಲಿ ಎಲ್ಲಿ ನಿಲ್ಲಬೇಕೆಂದು ತಿಳಿಯದವನ ಹಾಗೆ.

"ನಾನೂ ಇಲ್ಲಿ ಕೂರಬಹುದಾ?" ಎಂದು ಕೇಳಿದ.

ಕೇಳಿದ್ದು ಅವ್ವನನ್ನಲ್ಲ, ಹೆಂಡತಿಯನ್ನು. ಪುಷ್ಪಲತಾ ಒಂದು ಗುಟುಕು ಕಾಫಿ ಕುಡಿದಳು. ಸಕ್ಕರೆ ಜಾಸ್ತಿಯಾಗಿತ್ತು. ಇನ್ನೊಂದು ಗುಟುಕು ಕುಡಿದು, ಸ್ವಲ್ಪ ಸರಿದು ಜಾಗ ಮಾಡಿದಳು.

"ಬನ್ನಿ," ಎಂದಳು. "ಚಪ್ಪಲಿ ಬಿಟ್ಟು ಬನ್ನಿ."